ಹಿತ್ತಿಲ ತೋಟವೂ ಹೆಣ್ಣುಮಕ್ಕಳ ವಿದ್ಯಾಭ್ಯಾಸವೂ

ನಮ್ಮ ಶಾಲೆಯ ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳಿಗೆ ವಾರಕ್ಕೊಂದು ತಾಸು ತೋಟದ ಕೆಲಸಕ್ಕೆಂದು ಮೀಸಲಾಗಿರುವುದನ್ನು ಈ ಸಂಚಿಕೆಯ ವಾಚಕರು ಬಲ್ಲರು. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಆ ತಾಸಿನಲ್ಲಿ ಕೈಗೆ ಮಣ್ಣು ಮೆತ್ತಿಕೊಂಡವರೇ ಆಗಿರುವರು. ಈಚಿನ ವರ್ಷಗಳಲ್ಲಿ ಆ ಒಂದು ತಾಸನ್ನು ತೆಗೆದು ಗಣಿತಕ್ಕಾಗಲಿ ವಿಜ್ಞಾನಕ್ಕಾಗಲಿ ಕೊಡಬೇಕೆಂದು ಕೆಲವು ಮಂದಿ ತಂದೆತಾಯಿಗಳು ನಮ್ಮನ್ನು ಕೇಳಿಕೊಂಡಿರುವರು. ಅವರ ಮಾತು ಸಭ್ಯವಾಗಿದ್ದರೂ ಅದರೊಳಗಿನ ನೋವು ನಮಗೆ ತಿಳಿಯದೆ ಹೋಗಲಿಲ್ಲ. "ಗುದ್ದಲಿ ಹಿಡಿಯುವುದನ್ನು ಕಲಿಯಲು ಹುಡುಗಿಯನ್ನು ಹೈಸ್ಕೂಲಿಗೆ ಕಳುಹಿಸಬೇಕೇ ಅಮ್ಮಾ? ಅದನ್ನು ನಾವೇ ಕಲಿಸಬಲ್ಲೆವು" ಎಂಬುದೇ ಆ ಮಾತಿನ ಸಾರ. ಇದಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯ. ಉತ್ತರವು ಶಾಲೆಯ ಒಂದು ತಾಸಿಗೆ ಮಾತ್ರ ಸಂಬಂಧಪಟ್ಟದ್ದಲ್ಲ, ನಮ್ಮ ಮನೆಗಳಿಗೂ ಸಂಬಂಧಪಟ್ಟದ್ದಾದುದರಿಂದ ಇಲ್ಲಿ ತುಸು ವಿಸ್ತಾರವಾಗಿ ಬರೆಯುತ್ತೇವೆ.

ಮೊದಲು ಆಕ್ಷೇಪಣೆಯಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳಬೇಕು. ಮಣ್ಣಿನ ಕೆಲಸವು ಎಲ್ಲರಿಗೂ ಒಂದೇ ಅರ್ಥವುಳ್ಳದ್ದಲ್ಲ. ಗದ್ದೆ ಬಾಣೆಗಳುಳ್ಳ ಮನೆತನದ ಮಗಳಿಗೆ ತೋಟವು ವಿನೋದವಾಗಿ ತೋರಬಹುದು. ಆದರೆ ಕಾಫಿ ತೋಟದ ಲೈನ್‌ಮನೆಯಲ್ಲಿ ಹುಟ್ಟಿ, ತಾಯಿಯೂ ಅಜ್ಜಿಯೂ ದಿನಗೂಲಿಗೆ ಬೆನ್ನು ಬಗ್ಗಿಸಿದ್ದನ್ನು ಕಂಡು ಬೆಳೆದವರಿಗೆ ಗುದ್ದಲಿಯೆಂದರೆ ಬಿಡುಗಡೆ ಹೊಂದಬೇಕಾದ ಬಂಧನವೇ ಸರಿ. ಈ ಸೀಮೆಯಲ್ಲಿ ಒಂದು ಕಾಲಕ್ಕೆ ಮಣ್ಣಿನ ಕೆಲಸವನ್ನು ಕೆಲವೇ ಜಾತಿಗಳ ತಲೆಗೆ ಕಟ್ಟಿ, ಅವರನ್ನು ಅಕ್ಷರದಿಂದ ದೂರವಿಟ್ಟಿದ್ದರೆಂಬುದನ್ನು ನಾವು ಮರೆಯಕೂಡದು. 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು 1850ರ ದಶಕದಲ್ಲಿ ಕೊಡಗಿಗೆ ಬಂದು ಆನಂದಪುರವೆಂಬ ನೆಲೆಯನ್ನು ಸ್ಥಾಪಿಸಿದಾಗ, ಅಂಥ ಜನರಿಗೆ ಅಕ್ಷರವನ್ನೂ ನೆಲವನ್ನೂ ಒಟ್ಟಿಗೆ ದೊರಕಿಸಬೇಕೆಂಬ ವಿಚಾರವು ಅದರ ಹಿಂದೆ ಇತ್ತು. ಅಕ್ಷರ ಬಲ್ಲವನು ಮಣ್ಣು ಮುಟ್ಟಲಾಗದು, ಮಣ್ಣು ಮುಟ್ಟುವವನಿಗೆ ಅಕ್ಷರ ಸಲ್ಲದು ಎಂಬ ಹಳೆಯ ಭೇದವು ಮುರಿಯಬೇಕಾದರೆ ಎಲ್ಲ ಮನೆಗಳ ಹುಡುಗಿಯರೂ ಒಂದೇ ಪಾತಿಯಲ್ಲಿ ಕೂತು ಕಳೆ ಕೀಳುವುದಕ್ಕಿಂತ ಒಳ್ಳೆಯ ಉಪಾಯ ನಮಗೆ ಕಾಣದು. ತೋಟದ ಮಾಲಿಕರ ಮಗಳೂ ಲೈನ್‌ಮನೆಯ ಮಗಳೂ ಸಮಸಮವಾಗಿ ಗೊಬ್ಬರದ ಬುಟ್ಟಿ ಹೊರುವ ತಾಸನ್ನು ವೇಳಾಪತ್ರಿಕೆಯಿಂದ ಅಳಿಸಲು ನಮಗೆ ಮನಸ್ಸು ಬಾರದಿರುವುದಕ್ಕೆ ಇದೇ ಮೊದಲನೆಯ ಕಾರಣ.

ಎರಡನೆಯ ಕಾರಣವು ನಮ್ಮ ಸೀಮೆಯ ವಸಂತಕಾಲಕ್ಕೆ ಸಂಬಂಧಿಸಿದ್ದು. ಕಕ್ಕಬೆಯ ಸುತ್ತಣ ಊರುಗಳಿಂದ ನಮ್ಮಲ್ಲಿಗೆ ಬಂದ ವಿದ್ಯಾರ್ಥಿನಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಯಲುಸೀಮೆಗೆ ಮದುವೆಯಾಗಿ ಹೋದವರು ಮರೆತಿರಬಹುದು. ತಡಿಯಂಡಮೋಳ್ ಬೆಟ್ಟವು 1,748 ಮೀಟರ್ ಎತ್ತರಕ್ಕೆ ನಿಂತು ಮುಂಗಾರಿನ ಮೋಡಗಳನ್ನು ತಡೆಯುವುದರಿಂದ ಅದರ ಮಗ್ಗುಲಲ್ಲಿರುವ ಕಕ್ಕಬೆಗೆ ಜೂನ್ ತಿಂಗಳಿನಿಂದ ಸೆಪ್ಟೆಂಬರಿನ ತನಕ ಸುರಿಯುವ ಮಳೆಯು ಅಸಾಧಾರಣವಾದದ್ದು. ಆ ಮಳೆಯಲ್ಲಿ ಬದನೆ ಕೊಳೆಯುವುದು, ಸೌತೆಯ ಬಳ್ಳಿ ಕರಗುವುದು, ಹರಿವೆಯ ಬೀಜ ಕೊಚ್ಚಿಹೋಗುವುದು. ಆದಕಾರಣ ತರಕಾರಿಗೆ ನಮಗಿರುವ ಕಾಲವು ಬತ್ತದ ಕೊಯ್ಲು ಮುಗಿದ ಮೇಲಿನಿಂದ ಮುಂಗಾರಿನ ಬಾಗಿಲಿನವರೆಗೆ, ಅಂದರೆ ಜನವರಿಯಿಂದ ಮೇ ತಿಂಗಳ ಕೊನೆಯವರೆಗೆ ಮಾತ್ರ. ಗದ್ದೆಯಲ್ಲಿ ಇನ್ನೂ ತೇವ ಉಳಿದಿರುವಾಗಲೇ ಅಲಸಂದೆ, ಸೌತೆ, ಕುಂಬಳ, ಹಾಗಲ, ಮೆಣಸು, ಹರಿವೆಗಳನ್ನು ಹಾಕಿ ತೋಡಿನ ನೀರು ಕೊಟ್ಟವರ ಮನೆಯಲ್ಲಿ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಪೇಟೆಯ ತರಕಾರಿಯ ಮಾತೇ ಇರದು.

ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಮೊದಲನೆಯ ಹೂಮಳೆ ಬಿದ್ದು ಎಂಟು ಹತ್ತು ದಿನಗಳೊಳಗೆ ರೊಬಸ್ಟಾ ಕಾಫಿಯು ಬೆಳ್ಳಗೆ ಅರಳಿದಾಗ ಊರಿನವರ ಕಣ್ಣೆಲ್ಲಾ ಕಾಫಿಯ ಮೇಲಿರುವುದು ಸಹಜವೇ. ಆದರೆ ಅದೇ ಮಳೆ ಹಿತ್ತಿಲಿಗೂ ಬಿದ್ದಿರುವುದೆಂಬುದನ್ನು ಮನೆಯವರು ನೆನಪಿನಲ್ಲಿಡಬೇಕು. ಏಪ್ರಿಲ್ ಮಧ್ಯದಲ್ಲಿ ಬರುವ ಎಡಮ್ಯಾರ್ ಒಂದರಂದು ಕೊಡವ ಮನೆಗಳಲ್ಲಿ ನೇಗಿಲು ಪೂಜಿಸಿ ಮೊದಲ ಉಳುಮೆ ಮಾಡುವ ಪದ್ಧತಿಯಿರುವುದಷ್ಟೆ. ಆ ದಿನವನ್ನು ಹಿತ್ತಿಲಿಗೂ ಗಡುವಾಗಿ ಇಟ್ಟುಕೊಳ್ಳುವುದು ಮೇಲೆಂದು ನಮ್ಮ ಅಭಿಪ್ರಾಯ. ಮುಂಗಾರನ್ನು ತಾಳಿಕೊಳ್ಳಬಲ್ಲ ಕೆಸ, ಸುವರ್ಣಗೆಡ್ಡೆ, ಅರಿಸಿನ, ಶುಂಠಿಗಳನ್ನು ಆ ವೇಳೆಗೆ ಏರುಮಡಿಗಳಲ್ಲಿ ನೆಟ್ಟು ಒಣಗಿದೆಲೆಗಳನ್ನು ಮುಚ್ಚಬೇಕು. ಹಣ್ಣಿನ ಸಸಿಗಳಿಗೆ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿಗಳನ್ನು ತೋಡಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣನ್ನೂ ಹಟ್ಟಿಗೊಬ್ಬರವನ್ನೂ ಬೆರಸಿ ತುಂಬಿಟ್ಟರೆ ಜೂನ್ ಮೊದಲ ಮಳೆಗೆ ಸಸಿ ನೆಡಬಹುದು. ಹಂಡೆ ಒಲೆಯ ಬೂದಿಯನ್ನು ಹೊರಗೆ ಚೆಲ್ಲದೆ ಪಾತಿಗಳಿಗೆ ತೆಳ್ಳಗೆ ಹಾಕಬೇಕು. ಮಳೆ ಹೆಚ್ಚಾಗಿ ಹುಳಿಯಾದ ನಮ್ಮ ಮಣ್ಣಿಗೆ ಅದರ ಕ್ಷಾರವೂ ಪೊಟ್ಯಾಷೂ ಹಿತವಾದದ್ದು.

ಇನ್ನು ಹಳೆಯ ಹಣ್ಣಿನ ಮರಗಳ ವಿಷಯ. ಕೊಡಗಿನ ಕಿತ್ತಳೆಯ ಹೆಸರು ದೇಶದಲ್ಲೆಲ್ಲಾ ಪ್ರಸಿದ್ಧ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿರುವುದು. ಆದರೆ ಮಾನ್ಯತೆ ದೊರೆತ ಹಣ್ಣು ನಮ್ಮ ಮನೆಗಳ ಹಿತ್ತಿಲಿನಿಂದ ಮರೆಯಾಗುತ್ತಿರುವುದು. ಗ್ರೀನಿಂಗ್ ಎಂಬ ರೋಗವು ತಗಲಿದ ಮರದ ಎಲೆಗಳಲ್ಲಿ ಹಳದಿಯ ಮಚ್ಚೆಗಳೆದ್ದು, ರೆಂಬೆಗಳು ತುದಿಯಿಂದ ಒಣಗುತ್ತಾ ಬಂದು, ಹಣ್ಣು ಸೊಟ್ಟಗೆ ಸಣ್ಣದಾಗಿ ಉಳಿಯುವುದು. ಈ ರೋಗಕ್ಕೆ ಮದ್ದಿಲ್ಲ. ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ. ರೋಗವನ್ನು ಮರದಿಂದ ಮರಕ್ಕೆ ಒಯ್ಯುವ ಸಿಲ್ಲಾ ಎಂಬ ಸಣ್ಣ ಕೀಟವು ಕರಿಬೇವಿನ ಚಿಗುರಿನಲ್ಲಿಯೂ ಸುಖವಾಗಿ ಬೆಳೆಯುವುದರಿಂದ ಕರಿಬೇವನ್ನು ಕಿತ್ತಳೆಯ ಬಳಿಯಲ್ಲಿ ನೆಡದಿರುವುದು ಲೇಸು. ಮರದ ಬುಡಕ್ಕೆ ಮಣ್ಣನ್ನೂ ಗೊಬ್ಬರವನ್ನೂ ಒಟ್ಟುವ ರೂಢಿಯೂ ಕೆಟ್ಟದ್ದು. ಮಳೆಗಾಲದಲ್ಲಿ ಬುಡವು ಕೊಳೆಯುವುದು ಅದರಿಂದಲೇ. ಗೊಬ್ಬರವನ್ನು ಕೊಂಬೆಗಳ ತುದಿಯ ನೆರಳು ಬೀಳುವ ಕಡೆ ವೃತ್ತವಾಗಿ ಹಾಕಬೇಕು, ಏಕೆಂದರೆ ಆಹಾರ ಹೀರುವ ಬೇರುಗಳು ಅಲ್ಲಿರುವುವು. ವಸಂತದಲ್ಲಿ ಒಣರೆಂಬೆಗಳನ್ನೂ ಬಂದಳಿಕೆಯನ್ನೂ ಕತ್ತರಿಸಿ, ಮಳೆಗೆ ಮುಂಚೆ ನೂರು ಲೀಟರು ನೀರಿಗೆ ಒಂದು ಕಿಲೊ ಮೈಲುತುತ್ತವನ್ನೂ ಒಂದು ಕಿಲೊ ಸುಣ್ಣವನ್ನೂ ಬೆರಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. ಕಾಫಿಗೂ ಮೆಣಸಿನ ಬಳ್ಳಿಗೂ ಇದನ್ನು ಮಾಡುವ ಮನೆಯವರು ಹಿತ್ತಿಲ ಎರಡು ಕಿತ್ತಳೆ ಮರಗಳನ್ನು ಬಿಟ್ಟುಬಿಡುವುದೇಕೆ? ಹೆಚ್ಚಿನ ಸಲಹೆ ಬೇಕಾದವರಿಗೆ ಚೆಟ್ಟಳ್ಳಿಯಲ್ಲಿ ಕೇಂದ್ರ ತೋಟಗಾರಿಕಾ ಪ್ರಯೋಗ ಕೇಂದ್ರವಿರುವುದು.

"ಇದೆಲ್ಲವೂ ವ್ಯವಸಾಯವಾಯಿತೇ ಹೊರತು ವಿದ್ಯೆ ಹೇಗಾಯಿತು?" ಎಂದು ಯಾರಾದರೂ ಕೇಳಬಹುದು. ನಮ್ಮ ಉತ್ತರವಿದು. ಕುಂಬಳದ ಬಳ್ಳಿಯಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಹೆಣ್ಣುಹೂವಿನ ಕೆಳಗೆ ಪುಟ್ಟ ಕಾಯಿ ಮೊದಲೇ ಮೂಡಿರುವುದು. ಜೇನ್ನೊಣವು ಒಂದರಿಂದ ಇನ್ನೊಂದಕ್ಕೆ ಹೋಗದಿದ್ದರೆ ಆ ಕಾಯಿ ಹಳದಿಯಾಗಿ ಉದುರುವುದು. ಪುಸ್ತಕದಲ್ಲಿ ಪರಾಗಸ್ಪರ್ಶವೆಂಬ ಪಾಠವನ್ನು ಬಾಯಿಪಾಠ ಮಾಡಿದ ಹುಡುಗಿ ಅದನ್ನು ಪರೀಕ್ಷೆಯ ಮರುದಿನ ಮರೆಯಬಹುದು. ಉದುರಿದ ಕಾಯನ್ನು ಕೈಯಲ್ಲಿ ಹಿಡಿದು "ಏಕೆ ಉದುರಿತು?" ಎಂದು ಕೇಳಿದವಳು ಮರೆಯಲಾರಳು. ಆ ಪ್ರಶ್ನೆಯ ಬೆನ್ನು ಹಿಡಿದು ಹೋದರೆ ಅವಳು ತನ್ನ ಸೀಮೆಯ ಚರಿತ್ರೆಯನ್ನೇ ಕಲಿಯುವಳು. ಕಕ್ಕಬೆಯು ಒಂದು ಕಾಲದಲ್ಲಿ ಜೇನಿಗಾಗಿ ದೂರದೂರಕ್ಕೆ ಹೆಸರಾಗಿದ್ದ ಊರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಟನ್ ಎಂಬ ಕ್ರೈಸ್ತ ಪಾದ್ರಿಗಳು ತಿರುಚಿನಾಪಳ್ಳಿಯಲ್ಲಿದ್ದುಕೊಂಡು ನಮ್ಮ ತುಡುವೆ ಜೇನಿನ ಮೈಕಟ್ಟಿಗೆ ಹೊಂದುವ ಸಣ್ಣ ಪೆಟ್ಟಿಗೆಯನ್ನು ರೂಪಿಸಿ ಜನರಿಗೆ ಕಲಿಸಿದರು. ಅವರ ಹೆಸರಿನ ಪೆಟ್ಟಿಗೆ ಇಂದಿಗೂ ಬಳಕೆಯಲ್ಲಿರುವುದು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣುರೋಗವು ದಕ್ಷಿಣ ದೇಶದ ತುಡುವೆ ಕುಟುಂಬಗಳ ಬಹುಪಾಲನ್ನು ನಾಶಮಾಡಿತು. ಪೆಟ್ಟಿಗೆ ಬರಿದಾದುದು ಜೇನಿನ ನಷ್ಟ ಮಾತ್ರವಲ್ಲ. ರೊಬಸ್ಟಾ ಗಿಡವು ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದಾದುದರಿಂದ ಅದು ಕಾಫಿಯ ಮಾತೂ ಹೌದು, ನಮ್ಮ ಕುಂಬಳ ಹಾಗಲಗಳ ಮಾತೂ ಹೌದು. ಜೇನು ಹಾರುವ ಹಗಲಿನಲ್ಲಿ ಹೂವಿನ ಮೇಲೆ ವಿಷ ಸಿಂಪಡಿಸಬಾರದೆಂದೂ, ಕಾಫಿಗೆ ತಂದು ಉಳಿದ ಔಷಧಿಯನ್ನು ತರಕಾರಿಗೆ ಹಾಕಲೇಬಾರದೆಂದೂ, ಅದರ ಖಾಲಿ ಡಬ್ಬಿಯಲ್ಲಿ ನೀರು ತುಂಬಿಡಬಾರದೆಂದೂ ಮನೆಯಲ್ಲಿ ಹೇಳಬಲ್ಲ ಮಗಳಿರುವುದು ಭಾಗ್ಯವಲ್ಲವೇ? ಇದು ವಿಜ್ಞಾನವಲ್ಲದಿದ್ದರೆ ವಿಜ್ಞಾನವೆಂದು ಬೇರೆ ಯಾವುದನ್ನು ಕರೆಯಬೇಕೋ ನಾವರಿಯೆವು.

ಮೂರನೆಯ ಕಾರಣವು ಹೆಣ್ಣುಮಕ್ಕಳ ಮೈಯ ರಕ್ತಕ್ಕೆ ಸಂಬಂಧಿಸಿದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಬೆಳಗಿನ ಪ್ರಾರ್ಥನೆಯಲ್ಲಿ ನಿಂತಲ್ಲಿಯೇ ತಲೆಸುತ್ತಿ ಕುಸಿಯುವ ಹುಡುಗಿಯರನ್ನು ಕಂಡ ಯಾವ ಉಪಾಧ್ಯಾಯಿನಿಗೂ ಈ ಸಂಖ್ಯೆ ಬರಿಯ ಸಂಖ್ಯೆಯಾಗಿ ತೋರದು. ದಿನಕ್ಕೆ ಕಡಿಮೆಯೆಂದರೂ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಕ್ರಯಕ್ಕೆ ಕೊಂಡು ಐದು ಮಂದಿಯ ಮನೆಗೆ ಅಷ್ಟನ್ನು ಒದಗಿಸುವುದು ಎಲ್ಲರಿಂದಲೂ ಆಗುವ ಮಾತಲ್ಲ; ಕಡಿಮೆ ಬಿದ್ದಾಗ ಕಡಿಮೆಯಾಗುವುದು ಮೊದಲು ತಾಯಿಯ ತಟ್ಟೆಯಲ್ಲಿ, ಆಮೇಲೆ ಮಗಳ ತಟ್ಟೆಯಲ್ಲಿ. ಹರಿವೆ, ಬಸಳೆ, ನುಗ್ಗೆಯ ಸೊಪ್ಪುಗಳು ಹಿತ್ತಿಲಲ್ಲಿದ್ದರೆ ಆ ಕೊರತೆ ತಕ್ಕಮಟ್ಟಿಗೆ ತಪ್ಪುವುದು. ಸೊಪ್ಪಿನ ಕಬ್ಬಿಣವು ಮೈಗೆ ಹತ್ತಬೇಕಾದರೆ ಜೊತೆಯಲ್ಲಿ ನಿಂಬೆಯೋ ಪೇರಳೆಯೋ ನೆಲ್ಲಿಯೋ ಇರಬೇಕು. ಊಟದ ಬೆನ್ನಿಗೇ ಕಾಫಿಯಾಗಲಿ ಚಹವಾಗಲಿ ಕುಡಿಯಕೂಡದು. ಕಾಫಿಯ ನಾಡಿನವರಿಗೆ ಈ ಕೊನೆಯ ಮಾತು ರುಚಿಸದೆಂದು ಬಲ್ಲೆವು, ಆದರೂ ಹೇಳದೆ ವಿಧಿಯಿಲ್ಲ.

ಕಷ್ಟಕಾಲದ ಮಾತನ್ನೂ ಇಲ್ಲಿ ಸೇರಿಸಬೇಕು. 2018ರ ಆಗಸ್ಟಿನಲ್ಲಿ ಬೆಟ್ಟಗಳು ಜರಿದು ಕೊಡಗಿನ ದಾರಿಗಳು ಕಡಿದುಹೋದುವು. 2019ರಲ್ಲಿಯೂ 2020ರಲ್ಲಿಯೂ ಮಳೆಗಾಲವು ಮತ್ತೆ ಸಾವುನೋವುಗಳನ್ನು ತಂದಿತು. 2020ರ ಮಾರ್ಚ್ 25ರಿಂದ ಮಹಾಮಾರಿಯ ಕಾರಣ ದೇಶವೆಲ್ಲ ಬಾಗಿಲು ಮುಚ್ಚಿತು. ಅದು ಸರಿಯಾಗಿ ನಮ್ಮ ತರಕಾರಿಯ ಕಾಲ. ಕೆಳಗಣ ಊರುಗಳಿಂದ ಲಾರಿ ಬಂದರೆ ಮಾತ್ರ ಒಲೆ ಹೊತ್ತುವ ಮನೆಗೂ, ಹಿತ್ತಿಲಲ್ಲಿ ಕೆಸವೂ ಬಾಳೆಯೂ ಅಟ್ಟದ ಮೇಲೆ ಕುಂಬಳವೂ ಉಳ್ಳ ಮನೆಗೂ ಇರುವ ವ್ಯತ್ಯಾಸವು ಆ ವರ್ಷಗಳಲ್ಲಿ ಎಲ್ಲರಿಗೂ ತಿಳಿಯಿತು. ತಿಳಿದದ್ದನ್ನು ಇಷ್ಟು ಬೇಗ ಮರೆಯುತ್ತಿರುವುದೇ ನಮಗೆ ಆಶ್ಚರ್ಯ.

ಇಲ್ಲಿಯವರೆಗೆ ತೋಟದ ಪಕ್ಷವನ್ನು ಹೇಳಿದೆವು. ಆದರೆ ಮೂರು ನಿಬಂಧನೆಗಳಿಲ್ಲದೆ ಇದನ್ನು ಹೇಳುವುದು ಅನ್ಯಾಯವೆಂದು ನಮ್ಮ ಭಾವನೆ.

ಮೊದಲನೆಯದು, ಹಿತ್ತಿಲ ತೋಟವು ಸೊಸೆಯ ತಲೆಯ ಮೇಲೆ ಹೊರಿಸುವ ಇನ್ನೊಂದು ಹೊರೆಯಾಗಕೂಡದು. ಬೆಳಗ್ಗೆ ಅಡಿಗೆ, ಹಗಲು ಉದ್ಯೋಗ, ಸಂಜೆ ಮಕ್ಕಳ ಪಾಠ, ಇವುಗಳ ಮೇಲೆ "ನೀನು ಮಿಶನ್ ಶಾಲೆಯಲ್ಲಿ ಕಲಿತವಳಲ್ಲವೇ, ತೋಟವನ್ನೂ ಮಾಡು" ಎನ್ನುವ ಮನೆಗೆ ನಮ್ಮ ಈ ಲೇಖನವನ್ನು ತೋರಿಸಬೇಡಿರೆಂದು ಹಳೆಯ ವಿದ್ಯಾರ್ಥಿನಿಯರಿಗೆ ಹೇಳುತ್ತೇವೆ. ಅಥವಾ ಈ ಪರಿಚ್ಛೇದವನ್ನು ಮಾತ್ರ ತೋರಿಸಿರಿ. ಗುಂಡಿ ತೋಡುವುದೂ ಬೇಲಿ ಕಟ್ಟುವುದೂ ನೀರು ಹೊರುವುದೂ ಮನೆಯ ಗಂಡಸರ ಮತ್ತು ಹುಡುಗರ ಪಾಲಿಗೆ ಬರಬೇಕು. ತೋಟವು ಚಿಕ್ಕದಾಗಿರಲಿ. ಒಂದು ಸೆಂಟೆಂದರೆ ಸುಮಾರು 435 ಚದರಡಿ; ಇಪ್ಪತ್ತಡಿ ಉದ್ದ ಇಪ್ಪತ್ತಡಿ ಅಗಲದ ನೆಲದಲ್ಲಿ ಆರಂಭಿಸಿದವರು ಮುಂದುವರಿಸುವರು, ಅರ್ಧ ಎಕರೆಯಲ್ಲಿ ಆರಂಭಿಸಿದವರು ಬಿಟ್ಟುಬಿಡುವರು. ಮಿಕ್ಕ ಕಾಯಿಪಲ್ಯವನ್ನು ಮಾರಿದ ಹಣವು ಬೆಳೆದವಳ ಕೈಯಲ್ಲಿಯೇ ಇರತಕ್ಕದ್ದು.

ಎರಡನೆಯದು, ಆನೆ, ಹಂದಿ, ಮಂಗಗಳ ಉಪದ್ರವವನ್ನು ಹಗುರವಾಗಿ ಕಾಣಕೂಡದು. ಹಲಸಿನ ವಾಸನೆಗೆ ಆನೆ ಅಂಗಳಕ್ಕೆ ಬರುವುದೆಂಬ ಭಯದಿಂದ ಎಳೆಗಾಯನ್ನೇ ಕಡಿದು ಹಾಕುವ ಮನೆಗಳು ನಮ್ಮಲ್ಲಿ ಎಷ್ಟೋ ಇರುವುವು. ಅವರಿಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ. ಮಂಗಗಳು ಸುಲಭವಾಗಿ ಬಾಯಿಡದ ಹಾಗಲ, ಕೆಸ, ಸುವರ್ಣಗೆಡ್ಡೆ, ಸೂಜಿಮೆಣಸು, ಅರಿಸಿನಗಳಿಂದ ಆರಂಭಿಸಿ, ಹಣ್ಣಿನ ಮರಗಳನ್ನು ಮನೆಗೆ ಹತ್ತಿರವಾಗಿ, ಕಾಡಿನಂಚಿಗೆ ದೂರವಾಗಿ ನೆಡುವುದಷ್ಟೇ ನಾವು ಹೇಳಬಲ್ಲ ಮಾತು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ತೋಟಗಳ ಒಡತಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದನ್ನು ವಿಶೇಷವಾಗಿ ಹೇಳುತ್ತೇವೆ. ನೆಲವಿಲ್ಲದವಳಿಗೆ ತೋಟದ ಉಪದೇಶ ಮಾಡುವುದು ಹಸಿದವಳಿಗೆ ಅಡಿಗೆಯ ಪುಸ್ತಕ ಓದಿ ಹೇಳಿದಂತೆ. ನಮ್ಮ ತರಗತಿಯಲ್ಲಿ ಪಾತಿ ಕಟ್ಟಲು ಕಲಿತ ಲೈನ್‌ಮನೆಯ ಹುಡುಗಿ ಸಂಜೆ ಮನೆಗೆ ಹೋದರೆ ಅವಳ ಬಾಗಿಲ ಮುಂದೆ ಒಂದು ಬಸಳೆಯ ಚಪ್ಪರಕ್ಕೂ ಎಡೆಯಿಲ್ಲದಿದ್ದರೆ ನಾವು ಕಲಿಸಿದ ಪಾಠ ಅರ್ಧಕ್ಕೆ ನಿಂತಿತೆಂದೇ ಅರ್ಥ. ನಿಮ್ಮ ತೋಟದ ಲೈನ್‌ಮನೆಗಳಲ್ಲಿ ಒಂದೊಂದು ಕುಟುಂಬಕ್ಕೂ ಒಂದೊಂದು ಸೆಂಟು ನೆಲವನ್ನು ಗುರುತುಮಾಡಿ, ಬೇಲಿ ಹಾಕಿಸಿ, ಬೇಸಿಗೆಯಲ್ಲಿ ನೀರಿಗೆ ಒಂದು ನಲ್ಲಿ ಕೊಡಿಸಿರಿ. ಹತ್ತು ಕುಟುಂಬಗಳಿಗೆ ಹತ್ತು ಸೆಂಟು. ಅಷ್ಟು ಕಾಫಿ ಕಡಿಮೆಯಾದರೆ ಯಾವ ತೋಟವೂ ಬಡವಾಗದು. ನಿಮ್ಮ ಪಕ್ಕದ ಬೆಂಚಿನಲ್ಲಿ ಕೂತು ಕಲಿತವಳ ಮಕ್ಕಳು ಅಲ್ಲಿ ಇರಬಹುದೆಂಬುದನ್ನು ನೆನೆಯಿರಿ.

ಪರೀಕ್ಷೆಯ ವಿಷಯವಾಗಿ ತಂದೆತಾಯಿಗಳು ಕೇಳಿದ್ದಕ್ಕೆ ನಮ್ಮ ಸ್ಪಷ್ಟವಾದ ಉತ್ತರವಿದು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವ ಹತ್ತನೆಯ ತರಗತಿಯವರನ್ನು ತೋಟದ ತಾಸಿಗೆ ಕರೆಯುವುದಿಲ್ಲ. ಎಂಟನೆಯ ಮತ್ತು ಒಂಬತ್ತನೆಯ ತರಗತಿಯವರ ತಾಸು ಇರುವುದು. ಆದರೆ ಅದರಲ್ಲಿ ಕೈಕೆಲಸವಷ್ಟೇ ಅಲ್ಲ, ಒಂದು ದಿನಚರಿ ಪುಸ್ತಕವೂ ಸೇರಿರುವುದು. ಬಿತ್ತಿದ ತಾರೀಕು, ಮೊಳೆತ ದಿನಗಳು, ಮಳೆಯ ಅಳತೆ, ಕಂಡ ಕೀಟ, ಕೊಯ್ದ ತೂಕ ಇವುಗಳನ್ನು ಹುಡುಗಿಯರು ತಾವೇ ಬರೆದು ಲೆಕ್ಕಹಾಕುವರು. ಗಣಿತಕ್ಕೆ ಬೇಕೆಂದು ತಾವು ಕೇಳಿದ ತಾಸಿನಲ್ಲಿ ಗಣಿತವೂ ನಡೆಯುತ್ತಿರುವುದು.

ಕಡೆಯದಾಗಿ ಒಂದು ಬಿನ್ನಹ. ತಾಯಿಯಿಂದ ಮಗಳಿಗೆ ಬಂದ ಬೀಜಗಳು ಇನ್ನೂ ಅಲ್ಲಲ್ಲಿ ಬೂದಿ ಹಚ್ಚಿದ ಗಂಟುಗಳಲ್ಲಿ, ಹೊಗೆಯಾಡುವ ಅಟ್ಟಗಳಲ್ಲಿ ಉಳಿದಿರುವುವು. ಅಜ್ಜಿ ತೀರಿಕೊಂಡ ಮನೆಯಲ್ಲಿ ಎರಡು ವರ್ಷ ಬಿತ್ತದೆ ಬಿಟ್ಟರೆ ಆ ಬೀಜದ ಕಥೆ ಮುಗಿಯಿತು. ಪೇಟೆಯ ಪೊಟ್ಟಣವು ಅದಕ್ಕೆ ಬದಲಾಗದು. ವಾರ್ಷಿಕ ಸಮ್ಮೇಳನಕ್ಕೆ ಬರುವ ಹಳೆಯ ವಿದ್ಯಾರ್ಥಿನಿಯರು ತಮ್ಮ ಮನೆಯ ಒಂದು ಬೀಜದ ಗಂಟನ್ನು ತರಬೇಕೆಂದು ಕೋರುತ್ತೇವೆ. ಅದರೊಡನೆ ಒಂದು ಚೀಟಿಯಿರಲಿ: ಕಾಯಿಯ ಹೆಸರೇನು, ಮನೆಮಾತಿನಲ್ಲಿ ಅದನ್ನು ಏನೆಂದು ಕರೆಯುವರು, ಯಾವ ತಿಂಗಳಲ್ಲಿ ಬಿತ್ತುವರು, ಯಾರಿಂದ ಬಂದದ್ದು. ಬೆಂಗಳೂರಿನ ನಾಲ್ಕನೆಯ ಮಹಡಿಯಲ್ಲಿರುವವರೂ ಬರಿಗೈಯಲ್ಲಿ ಬರಬೇಕಾಗಿಲ್ಲ. ಕುಂಡದಲ್ಲಿ ಬೆಳೆದ ಹರಿವೆಯ ಬೀಜವೂ ಬೀಜವೇ. ಒಂದೊಂದು ಗಂಟನ್ನು ಈಗ ಓದುತ್ತಿರುವ ಒಬ್ಬೊಬ್ಬ ಹುಡುಗಿಯ ಕೈಗೆ ಕೊಡುವೆವು. ಅವಳು ಅದನ್ನು ಬೆಳೆದು ಮರುವರ್ಷ ಎರಡು ಗಂಟುಗಳಾಗಿ ಹಿಂತಿರುಗಿಸುವಳು.

ಫಲ ಕೊಡದ ಅಂಜೂರದ ಮರವನ್ನು ಕಡಿದುಹಾಕೆಂದ ಒಡೆಯನ ಮುಂದೆ, ಇನ್ನೊಂದು ವರ್ಷ ಬುಡ ಅಗೆದು ಗೊಬ್ಬರ ಹಾಕಿ ನೋಡುವೆನೆಂದು ಬೇಡಿಕೊಂಡ ತೋಟಗಾರನ ಸಾಮ್ಯವನ್ನು ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಹೆಣ್ಣುಮಕ್ಕಳ ಶಾಲೆಗಳು ನಿಂತಿರುವುದು ಅಂಥದೇ ಒಂದು ಬೇಡಿಕೆಯ ಮೇಲೆ. ಬರುವ ಎಡಮ್ಯಾರಿನೊಳಗೆ ತಮ್ಮ ತಮ್ಮ ಹಿತ್ತಿಲಲ್ಲಿ ಒಂದು ಪಾತಿಯೂ, ತಮ್ಮ ತಮ್ಮ ತೋಟದ ಲೈನ್‌ಮನೆಗಳ ಮುಂದೆ ಒಂದು ಬೇಲಿಯೂ ಏಳಲೆಂದು ಹಾರೈಸುತ್ತೇವೆ.

— ಮುಖ್ಯೋಪಾಧ್ಯಾಯಿನಿ